ತೊಗರಿ ಕಟ್ಟಿಗೆಯ ಎರಡು ಪೆನ್ನು

ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಕಟ್ಟಿಗೆಯನ್ನು ಆ ಹೆಂಗಸು ನನ್ನ ಮೇಜಿನ ಮೇಲೆ ಇಟ್ಟಾಗ ಬಂದ ಸದ್ದು ತೀರ ಹಗುರವಾಗಿತ್ತು. ಬಿಚ್ಚಿ ನೋಡುವ ಮೊದಲೇ, ಇದು ನಾನು ಪೆನ್ನು ಕಡೆಯುವ ಲೇತಿಗೆ ಹಾಕುವಂಥ ಮರವಲ್ಲ ಅನ್ನಿಸಿತು.

"ಯಾವ ಕಟ್ಟಿಗಿರಿ ಇದು?" ಎಂದೆ.

"ತೊಗರಿ ಅದರಿ."

ನಾನು ನಕ್ಕುಬಿಟ್ಟೆ. ನಮ್ಮ ಕಡೆ ತೊಗರಿ ಕಟ್ಟಿಗೆ ಎಂದರೆ ರಾಶಿ ಆದ ಮೇಲೆ ಒಲೆಗೆ ಹೋಗುವ ವಸ್ತು. ಹೊಲದ ಗಿಡ ಹೆಬ್ಬೆರಳಿಗಿಂತ ದಪ್ಪ ಆಗುವುದೇ ಅಪರೂಪ. ಆದರೆ ಸೀರೆಯೊಳಗಿಂದ ಹೊರಬಂದದ್ದು ನನ್ನ ಮುಂಗೈಗಿಂತ ದಪ್ಪದ ಬೊಡ್ಡೆ. ಕೊಯ್ಯದೆ ಬಿಟ್ಟರೆ ತೊಗರಿ ಕೆಲವು ವರ್ಷ ನಿಲ್ಲುತ್ತದೆ, ಸಣ್ಣ ಮರವೇ ಆಗುತ್ತದೆ ಎಂದು ಕೇಳಿದ್ದೆ. ಕಣ್ಣಾರೆ ಕಂಡಿರಲಿಲ್ಲ.

ಬಂದವರು ಪೆದ್ದೆಮುಲ್ ಕಡೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಊರವರು ಅವರನ್ನು ಸಣ್ಣ ಸಿಸ್ಟರ್ ಎನ್ನುತ್ತಾರಂತೆ. ತಲೆಯಲ್ಲಿ ಬಿಳಿಕೂದಲು ಬಂದರೂ ಆ ಹೆಸರು ಹೋಗಿರಲಿಲ್ಲ, ಯಾಕೆಂದರೆ ಅಲ್ಲಿ ಒಬ್ಬರು ದೊಡ್ಡ ಸಿಸ್ಟರ್ ಇದ್ದರು. ಇಬ್ಬರಿಗೂ ಸಂಸಾರವಿಲ್ಲ. ಉಪಕೇಂದ್ರದ ಹಿಂದಿನ ಎರಡು ಕೋಣೆಗಳಲ್ಲಿ ಎಷ್ಟೋ ವರ್ಷಗಳಿಂದ ಒಂದೇ ಒಲೆಯ ಮೇಲೆ ಅಡುಗೆ ಮಾಡಿಕೊಂಡು ಇದ್ದವರು. ಆ ತಿಂಗಳ ಕೊನೆಗೆ ದೊಡ್ಡ ಸಿಸ್ಟರ್ ನಿವೃತ್ತಿಯಾಗಿ ತಮ್ಮ ಊರು ನಾರಾಯಣಖೇಡಕ್ಕೆ ಹೋಗುವವರಿದ್ದರು.

"ಅವರು ಒಮ್ಮೆ ತೊಗರಿ ಹಸನ ಮಾಡ್ತಾ ಕೆಟ್ಟ ಕಾಳ ಕಿಟಕಿಂದ ಹೊರಗ ಒಗದಿದ್ರು," ಎಂದು ಸಣ್ಣ ಸಿಸ್ಟರ್ ಹೇಳಿದರು. "ಅದರಾಗ ಒಂದು ಹುಟ್ಟಿತ್ತು ನೋಡ್ರಿ. ಚಳಿಗಾಲದಾಗ ಹಸೀ ಕಾಯಿ ಹರಕೊಂಡು ಕುದಿಸಿ ತಿಂತಿದ್ವಿ. ಈ ಬ್ಯಾಸಿಗ್ಯಾಗ ಒಣಗಿ ಹೋತು. ಇದರಾಗ ಎರಡ ಪೆನ್ ಆಗ್ತಾವೇನ್ರಿ? ಒಂದು ಅವರಿಗಿ, ಒಂದು ನನಗ."

ತಮ್ಮ ಡಾಕ್ಟರರ ಜೇಬಿನಲ್ಲಿದ್ದ, ನಾನು ಮಾಡಿದ ಪೆನ್ನು ನೋಡಿ, ವಿಳಾಸ ಕೇಳಿಕೊಂಡು, ತಾಂಡೂರಿನಿಂದ ಬಸ್ಸು ಹಿಡಿದು ಬಂದಿದ್ದರು. ಆಗೋದಿಲ್ಲ ಎನ್ನಬೇಕೆಂದು ಬಾಯಿ ತೆರೆದವನು, "ನೋಡೋಣ್ರಿ," ಎಂದೆ. ಅವರು ಆಡಿದ ಕನ್ನಡ ನನ್ನ ಅವ್ವ ಆಡುತ್ತಿದ್ದ ಕನ್ನಡವೇ ಆಗಿತ್ತು ಎಂಬುದು ಅದಕ್ಕೆ ಕಾರಣವಾಗಿದ್ದರೂ ಇರಬಹುದು.

ನಾನಿರುವ ಜಹೀರಾಬಾದು ತೆಲಂಗಾಣದ್ದಾದರೂ ಅಲ್ಲಿ ಕನ್ನಡದವರು ಇಲ್ಲ ಅಂತಲ್ಲ. ನನ್ನ ದಿನದೊಳಗೆ ಇರಲಿಲ್ಲ, ಅಷ್ಟೆ. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯೊಂದರ ಹಿಂದಿನ ಕೋಣೆ ನನ್ನದು. ಅಂಗಡಿಯವನು ಮಾತಾಡುವುದು ದಖ್ಖನಿ, ಚಹಾದವನದು ತೆಲುಗು. ನಾನು ಕಂಗ್ಟಿ ಹತ್ತಿರದ ಹಳ್ಳಿಯವನು, ಮದುವೆಯಾಗಿರಲಿಲ್ಲ. ಅವ್ವ ಇದ್ದಾಗ ಮನೆಯಲ್ಲಿ ಕನ್ನಡ ಇತ್ತು. ಅವ್ವ ಹೋದ ಮೇಲೆ ನಾನು ಲೇತಿನ ಮುಂದೆ ಮುಖಕ್ಕೆ ಧೂಳು ಸೋಸುವ ಎರಡು ಡಬ್ಬಿಯ ಮಾಸ್ಕು ಬಿಗಿದುಕೊಂಡು ನಿಂತರೆ, ಮಾಸ್ಕು ತೆಗೆದ ಮೇಲೂ ಮಾತಾಡುವ ಕಾರಣ ಹೆಚ್ಚೇನೂ ಇರುತ್ತಿರಲಿಲ್ಲ.

ಮೆತ್ತನೆಯ ಕಟ್ಟಿಗೆಯನ್ನು ಪೆನ್ನಾಗಿಸಬೇಕಾದರೆ ಮೊದಲು ಅದರ ರಂಧ್ರಗಳಿಗೆಲ್ಲ ರೆಸಿನ್ ಎಂಬ ತೆಳು ಅಂಟುದ್ರವ ಕುಡಿಸಿ ಗಟ್ಟಿ ಮಾಡಬೇಕು. ಕೆಲಸ ಕೇಳಲು ಸುಲಭ. ಬೊಡ್ಡೆಯ ನಡುವಿನ ಬೆಂಡು ಬಿಟ್ಟು ಸುತ್ತಲಿನ ಗಟ್ಟಿ ಭಾಗದಲ್ಲಿ ನಾಲ್ಕು ತುಂಡು ಕೊಯ್ದೆ. ಅವುಗಳನ್ನು ಕರೆಂಟಿನ ಸಣ್ಣ ಒಲೆಪೆಟ್ಟಿಗೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. ಮಳೆಗಾಲ. ಗಾಳಿಯಲ್ಲೇ ನೀರಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದು ತುಂಡು ಒಣಗುವಾಗಲೇ ಉದ್ದಕ್ಕೆ ಸೀಳಿತು. ಉಳಿದ ಮೂರನ್ನು ದಪ್ಪ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ರೆಸಿನ್‌ನೊಳಗೆ ಮುಳುಗಿಸಿ, ಮೇಲೆ ತೂಕ ಇಟ್ಟು, ಹಳೆಯ ಫ್ರಿಜ್ಜಿನ ಕಂಪ್ರೆಸರ್‌ನಿಂದ ಮಾಡಿಕೊಂಡ ಪಂಪಿನಿಂದ ಗಾಳಿ ಎಳೆದೆ. ಕಟ್ಟಿಗೆಯೊಳಗಿನ ಗಾಳಿ ಗುಳ್ಳೆಗಳಾಗಿ ಮೇಲೆದ್ದಿತು, ಅಕ್ಕಿ ಕುದಿಯುವ ಹಾಗೆ. ಗುಳ್ಳೆ ನಿಲ್ಲುವ ತನಕ ಕಾಯಬೇಕು. ನಿಂತ ಮೇಲೆ ಪಂಪು ನಿಲ್ಲಿಸಿ, ಡಬ್ಬಿಗೆ ಗಾಳಿ ಬಿಟ್ಟು, ರೆಸಿನ್ ಒಳಗೆ ಇಳಿಯಲು ಮತ್ತೆ ಕಾಯಬೇಕು. ಆಮೇಲೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಲೆಪೆಟ್ಟಿಗೆಯಲ್ಲಿ ಬೇಯಿಸಿದರೆ ರೆಸಿನ್ ಕಲ್ಲಾಗುತ್ತದೆ.

ಹೀಗೆ ಕಾಯುತ್ತಿದ್ದ ಸಂಜೆಯೇ ಸಣ್ಣ ಸಿಸ್ಟರ್ ಮೊದಲ ಬಾರಿ ಫೋನು ಮಾಡಿದರು.

"ಏನ್ರಿ ಅಣ್ಣಾರ, ನಮ್ಮ ತೊಗರಿ ಹ್ಯಾಂಗದ?" ಎಂದರು. ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ಧ್ವನಿ.

"ಗುಳ್ಳಿ ಬಿಡಾಕತ್ತದ್ರಿ," ಎಂದೆ.

"ಹಾಂ? ಜ್ವರ ಬಂದು ಗುಳ್ಳಿ ಎದ್ದವರಂಗ?" ಎಂದು ನಕ್ಕರು. ನಾನು ಎಲ್ಲ ವಿವರಿಸಿದೆ. ಅವರು ನಡುನಡುವೆ ಕೇಳುತ್ತಿದ್ದರು: ರೆಸಿನ್ ಒಳಗೆ ಪೂರ್ತಿ ಹೋಗಿದೆಯೆಂದು ಹೇಗೆ ಗೊತ್ತಾಗುತ್ತದೆ, ಅರ್ಧ ಹೋಗಿದ್ದರೆ ಏನಾಗುತ್ತದೆ. ಬಹಳ ದಿನಗಳ ಮೇಲೆ ನನ್ನ ಕೆಲಸವನ್ನು ನನ್ನ ಭಾಷೆಯಲ್ಲಿ ಒಬ್ಬರಿಗೆ ಹೇಳುತ್ತಿದ್ದೆ. ಎಷ್ಟೋ ಮಾತಿಗೆ ಕನ್ನಡವೇ ಸಿಗದೆ ತಡವರಿಸಿದೆ.

ಅವರು ಹೆದರಿದ್ದೇ ಆಯಿತು. ಮೊದಲ ತುಂಡಿಗೆ ಲೇತಿನಲ್ಲಿ ತೂತು ಕೊರೆದು, ಹಿತ್ತಾಳೆ ನಳಿಕೆ ಅಂಟಿಸಿ, ಉಳಿ ಹಿಡಿದು ಸುತ್ತಿಸುತ್ತಿದ್ದಾಗ ಅದು ಪಟಾಕಿಯಂತೆ ಸಿಡಿಯಿತು. ಚೂರುಗಳು ಮುಖದ ಮುಂದಿನ ಗಾಜಿಗೆ ಬಡಿದವು. ಗೋಡೆಯಾಚೆಯಿಂದ ಮೋಟಾರಿನವನು, "ಕ್ಯಾ ಫುಟ್ಯಾ ಭಾಯ್?" ಎಂದು ಕೂಗಿದ. "ಕುಛ್ ನಹೀ," ಎಂದೆ. ಆ ದಿನ ಸಂಜೆಯವರೆಗೆ ನಾನು ಆಡಿದ ಮಾತು ಅಷ್ಟೇ.

ಚೂರು ಆರಿಸಿ ನೋಡಿದರೆ ಒಳಗಿನ ಭಾಗ ಇನ್ನೂ ಮೆತ್ತಗಿತ್ತು, ಉಗುರು ಇಳಿಯುತ್ತಿತ್ತು. ಒಣಗಿದೆ ಎಂದು ನಾನು ಅವಸರದಲ್ಲಿ ನಂಬಿದ್ದೆ. ಒಳಗೆ ಉಳಿದಿದ್ದ ತೇವ ರೆಸಿನನ್ನು ಗಟ್ಟಿಯಾಗಲು ಬಿಟ್ಟಿರಲಿಲ್ಲ. ಉಳಿದ ಎರಡು ತುಂಡುಗಳನ್ನು ಮತ್ತೆ ಒಲೆಪೆಟ್ಟಿಗೆಗೆ ಹಾಕಿದೆ, ಈ ಸಲ ಕಾವು ಇಳಿಸಿ, ಹೆಚ್ಚು ಹೊತ್ತು. ರೆಸಿನ್ ತುಂಬಿದೆಯೇ ಎಂದು ನೋಡಲು, ಹೊರತೆಗೆದು ನೀರಿನ ಬಕೆಟ್ಟಿಗೆ ಬಿಟ್ಟೆ; ತುಂಬಿದ್ದರೆ ಮುಳುಗಬೇಕು. ಎರಡೂ ಕಲ್ಲಿನಂತೆ ತಳಕ್ಕೆ ಹೋದವು. ಇನ್ನು ಎರಡು ಪೆನ್ನಿಗೆ ಎರಡೇ ತುಂಡು. ತಪ್ಪಲು ಜಾಗವಿರಲಿಲ್ಲ.

ಸುತ್ತಿಸುವ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಪೆನ್ನಿನ ನಿಜವಾದ ಕೆಲಸ ಅದಲ್ಲ, ಉಜ್ಜುವುದು. ಲೇತಿನ ವೇಗ ಇಳಿಸಿ, ಒರಟು ಮರಳುಕಾಗದದಿಂದ ಶುರು ಮಾಡಬೇಕು. ಪ್ರತಿ ಕಾಗದ ಮುಗಿದಾಗ ಲೇತು ನಿಲ್ಲಿಸಿ, ಉದ್ದಕ್ಕೆ ಕೈಯಿಂದ ಉಜ್ಜಿ, ಸುತ್ತು ಗೀರುಗಳನ್ನು ಅಳಿಸಬೇಕು. ಧೂಳು ಒರೆಸಬೇಕು, ಹಿಂದಿನ ಕಾಗದದ ಒಂದು ಕಣ ಉಳಿದರೂ ಮುಂದಿನದರಲ್ಲಿ ಅದು ಗೀರಾಗುತ್ತದೆ. ಬೆರಳಿಗೆ ಬಿಸಿ ತಾಗಿತೆಂದರೆ ಕೈ ತೆಗೆಯಬೇಕು. ಬಿಸಿಗೆ ರೆಸಿನ್ ಜಿಗುಟಾಗುತ್ತದೆ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ರೆಸಿನ್ ಧೂಳು ಹಿಟ್ಟಿಗಿಂತ ನುಣುಪು, ಬೆವರಿದ ಕುತ್ತಿಗೆಗೆ ಅಂಟುತ್ತದೆ. ಆ ಧೂಳಿಗೆ ಹೆದರಿಯೇ ನನ್ನ ಕೋಣೆಗೆ ಯಾರೂ ಬರುವುದಿಲ್ಲ. ಚಹಾದವನು ಗ್ಲಾಸನ್ನು ಹೊಸ್ತಿಲ ಹೊರಗೇ ಇಟ್ಟು ಕೂಗಿ ಹೋಗುತ್ತಾನೆ.

ಸಣ್ಣ ಸಿಸ್ಟರ್ ಈಗ ಹೆಚ್ಚುಕಡಿಮೆ ಪ್ರತಿ ಸಂಜೆ ಫೋನು ಮಾಡುತ್ತಿದ್ದರು. ದೊಡ್ಡ ಸಿಸ್ಟರಿಗೆ ತಿಳಿಯಬಾರದೆಂದು ಅಂಗಳದ ಆಚೆ ಹೋಗಿ ಮಾತಾಡುತ್ತಿದ್ದರಂತೆ. ಒಮ್ಮೆ, "ಅಣ್ಣಾರ, ನಮ್ಮ ಕೈಗಿ ದಿನಾ ಸ್ಪಿರಿಟ್ ಹತ್ತತದ. ಪೆನ್ನಿಗಿ ಹತ್ತಿದ್ರ ಏನಾಗ್ತದ್ರಿ?" ಎಂದು ಕೇಳಿದರು.

ಅದು ನನಗೆ ಹೊಳೆದಿರಲಿಲ್ಲ. ನಾನು ಸಾಮಾನ್ಯವಾಗಿ ಅರಗಿನ ಪಾಲಿಶ್ ಹಾಕುವವನು. ಮರುದಿನ ಒಂದು ಚೂರಿಗೆ ಪಾಲಿಶ್ ಮಾಡಿ, ಸ್ಪಿರಿಟ್ ಅದ್ದಿದ ಹತ್ತಿ ಇಟ್ಟು ನೋಡಿದೆ. ಹತ್ತಿ ಎತ್ತಿದಾಗ ಹೊಳಪೆಲ್ಲ ಹತ್ತಿಗೆ ಬಂದಿತ್ತು. ಹಾಗಾಗಿ ಅರಗು ಬಿಟ್ಟು, ನೀರಿನಷ್ಟು ತೆಳುವಾದ, ಕ್ಷಣದಲ್ಲಿ ಒಣಗುವ ಅಂಟನ್ನು ಪದರ ಪದರವಾಗಿ ಹಚ್ಚಿದೆ. ಅಂಟು ಕಣ್ಣಿಗೆ ಉರಿ ತರುತ್ತದೆ, ಬಾಗಿಲು ತೆರೆದಿಡಬೇಕು. ತೆರೆದರೆ ಮಳೆಯ ತಂಪು ಒಳಬರುತ್ತದೆ. ಕೊನೆಗೆ ನುಣುಪು ಹಾಳೆಗಳನ್ನು ನೀರಿನಲ್ಲಿ ನೆನೆಸಿ ಉಜ್ಜಿ ಗಾಜಿನ ಹೊಳಪು ತಂದೆ. ಎರಡೂ ಪೆನ್ನು ಕಿಟಕಿಯ ಬೆಳಕಿನಲ್ಲಿ ಜೇನಿನ ಬಣ್ಣಕ್ಕೆ ಮಿಂಚಿದವು. ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನೋಡಿದರೆ ಒಂದರ ತುದಿಯಲ್ಲಿ ಹಾಲು ಬಿದ್ದಂತೆ ಬಿಳಿ ಮಬ್ಬು. ಇನ್ನೊಂದರ ನಡುವಿನಲ್ಲೂ ಅದೇ. ಉಜ್ಜುವಾಗಿನ ನೀರು ಎಲ್ಲಿಂದಲೋ ಅಂಟಿನ ಕೆಳಗೆ ಸೇರಿತ್ತು. ನಡುವೆ ಮಬ್ಬು ಬಂದಿದ್ದ ಪೆನ್ನಿನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಅಲ್ಲಿ ಒಂದು ಕಪ್ಪು ಪಟ್ಟೆ, ನೀಲಿ ಕಲೆಸಿದ ಕಪ್ಪು, ಅಡ್ಡಕ್ಕೆ ಹಾದಿತ್ತು. ಸುತ್ತಿಸುವಾಗಲೇ ಕಂಡಿತ್ತು, ಉಜ್ಜಿದರೆ ಹೋದೀತು ಎಂದುಕೊಂಡಿದ್ದೆ. ಹೋಗಿರಲಿಲ್ಲ. ಆ ಜಾಗ ಉಳಿದ ಕಟ್ಟಿಗೆಗಿಂತ ಬಿರುಸಾಗಿತ್ತು, ರೆಸಿನನ್ನೂ ಸರಿಯಾಗಿ ಕುಡಿದಿರಲಿಲ್ಲ. ಕಾಗದ ಅದರ ಮೇಲೆ ಬಂದಾಗೆಲ್ಲ ಎಡವಿದಂತೆ ಸಣ್ಣ ಸದ್ದು ಮಾಡುತ್ತಿತ್ತು.

ಅಂಟನ್ನೆಲ್ಲ ಕೆರೆದು ತೆಗೆದೆ. ಈಗ ಕಟ್ಟಿಗೆ ತೆಳುವಾಗಿತ್ತು. ಪಟ್ಟೆಯನ್ನು ಉಳಿಯಿಂದ ತೆಗೆಯಲು ಹೋದರೆ ಕೆಳಗಿನ ಹಿತ್ತಾಳೆಯ ಹಳದಿ ಇಣುಕುತ್ತದೆ. ಇಣುಕಿತೆಂದರೆ ಪೆನ್ನು ಹೋಯಿತು. ಪಟ್ಟೆ ಬಿಟ್ಟರೆ, ಒಬ್ಬರಿಗೆ ಚೆಂದದ ಪೆನ್ನು, ಇನ್ನೊಬ್ಬರಿಗೆ ಕಲೆಯ ಪೆನ್ನು. ಉಳಿ ಹಿಡಿದು ನಿಂತವನು ಲೇತು ಶುರು ಮಾಡದೆ ಕೆಳಗಿಟ್ಟೆ.

ಸಂಜೆ ಅವರಿಗೆ ಹೇಳಿದೆ. "ಕೆಳಗಿಂದ ಎಷ್ಟ ಎತ್ತರದಾಗ ಅದ್ರಿ ಆ ಕರೀ ಪಟ್ಟಿ?" ಎಂದರು. ಬೊಡ್ಡೆಯನ್ನು ಕೊಯ್ದ ಅಂದಾಜಿನ ಮೇಲೆ, ಸೊಂಟದ ಮಟ್ಟ ಇರಬಹುದು ಎಂದೆ.

"ಅಲ್ಲಿ ನಾನು ತಂತಿ ಕಟ್ಟಿದ್ದೆರಿ. ಬಟ್ಟಿ ಒಣ ಹಾಕಾಕ. ಕಿಟಕಿ ಸರಳಿಂದ ಆ ಗಿಡಕ್ಕ. ಅದರ ಗುರುತ ಒಳಗ ಕೂತದ."

ಕಬ್ಬಿಣದ ತಂತಿ, ಮಳೆ, ತುಕ್ಕು. ಬಣ್ಣ ಕಟ್ಟಿಗೆಯೊಳಗೆ ಇಳಿದು ಗಿಡ ಅದರ ಸುತ್ತ ಬೆಳೆದಿತ್ತು.

"ತೆಗೀಬೇಕೇನ್ರಿ?" ಎಂದೆ.

"ನಿಮಗ ಹ್ಯಾಂಗ ಸರಿ ಕಾಣ್ತದ ಹಂಗ ಮಾಡ್ರಿ," ಎಂದರು. ಆಮೇಲೆ, ಸಂಬಂಧವೇ ಇಲ್ಲದಂತೆ, "ಅಣ್ಣಾರ, ನೀವು ಒಬ್ರೇ ಇರ್ತೀರಿ ಅಂದಿದ್ರಿ. ರೂಢಿ ಆಗ್ತದೇನ್ರಿ?" ಎಂದು ಕೇಳಿದರು.

ಆಗುತ್ತದೆ ಎಂದುಬಿಡಬಹುದಿತ್ತು. ಕೇಳಿದ ಧ್ವನಿ ಹಾಗೆ ಹೇಳಲು ಬಿಡಲಿಲ್ಲ. "ಹಗಲು ಆಗ್ತದ್ರಿ," ಎಂದೆ. "ಸಂಜಿ ಆಗೋದಿಲ್ಲ."

"ಹಾಂ," ಎಂದರು, ಅಷ್ಟೆ. ಮಳೆಯ ಸದ್ದು ಆ ಕಡೆಯಿಂದಲೂ ಕೇಳುತ್ತಿತ್ತು.

ಮರುದಿನ ನಾನು ಎರಡು ತೀರ್ಮಾನ ಮಾಡಿದೆ. ಪಟ್ಟೆ ಇರಲಿ. ಮತ್ತು ಯಾವ ಲೇಪನವೂ ಬೇಡ. ಕಟ್ಟಿಗೆಯೊಳಗೆ ರೆಸಿನ್ ಇದ್ದೇ ಇದೆ. ತಾಳ್ಮೆಯಿಂದ ಉಜ್ಜಿದರೆ ಕಟ್ಟಿಗೆ ತಾನೇ ಹೊಳೆಯಬೇಕು. ಗಾಜಿನ ಹಾಗೆ ಮಿಂಚಲಾರದು, ಆದರೆ ಹಿಡಿದರೆ ಕೈಗೆ ಕಟ್ಟಿಗೆಯೇ ಸಿಗುತ್ತದೆ. ಚೂರಿನ ಮೇಲೆ ಸ್ಪಿರಿಟ್ ಹತ್ತಿಯನ್ನು ಇಡೀ ಹಗಲು ಇಟ್ಟು ನೋಡಿದೆ. ಏನೂ ಆಗಲಿಲ್ಲ.

ಪಟ್ಟೆಯ ಜಾಗದಲ್ಲಿದ್ದ ಸಣ್ಣ ಹಳ್ಳಗಳಿಗೆ ಮಾತ್ರ ಸೂಜಿಯ ತುದಿಯಿಂದ ಅಂಟು ಬಿಟ್ಟೆ. ಆಮೇಲೆ ಲೇತನ್ನು ಮುಟ್ಟಲಿಲ್ಲ. ತಿರುಗುವಾಗ ಉಜ್ಜಿದರೆ ಮೆತ್ತನೆಯ ಕಡೆ ತಗ್ಗಾಗಿ ಬಿರುಸಿನ ಪಟ್ಟೆ ಉಬ್ಬುತ್ತದೆ. ತೊಡೆಯ ಮೇಲೆ ಬಟ್ಟೆ ಹಾಸಿಕೊಂಡು, ಕಾಗದದ ಹಿಂದೆ ಚಪ್ಪಟೆ ರಬ್ಬರಿನ ತುಂಡಿಟ್ಟು, ಉದ್ದಕ್ಕೆ, ಕಟ್ಟಿಗೆಯ ಎಳೆಯ ಜೊತೆಗೇ ಉಜ್ಜುತ್ತ ಹೋದೆ. ಒಂದು ಕಾಗದ ಮುಗಿದರೆ ಕಿಟಕಿಗೆ ಹಿಡಿದು ಓರೆಯಾಗಿ ನೋಡುವುದು, ಒರೆಸುವುದು, ಮುಂದಿನದು. ಲೇತಿನ ಸದ್ದಿಲ್ಲದ ಕೋಣೆಯಲ್ಲಿ ಕಾಗದದ ಸದ್ದು ಯಾರೋ ಮೆಲ್ಲಗೆ ಉಸಿರಾಡುವಂತಿತ್ತು. ಮಾಸ್ಕಿನೊಳಗಿನ ನನ್ನ ಉಸಿರೇ ಅದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಒಂದು ಹಂತದಲ್ಲಿ ನಾನು ಮುಗಿದ ಕಾಗದವನ್ನೇ ಮತ್ತೆ ಹಿಡಿದಿದ್ದೆ. ಗೀರು ಒಂದೂ ಇರಲಿಲ್ಲ, ಆದರೂ ಉಜ್ಜುತ್ತಿದ್ದೆ. ಕೈ ನಿಂತಿತು. ಪೆನ್ನು ಮುಗಿದರೆ ಸಂಜೆಯ ಫೋನೂ ಮುಗಿಯುತ್ತದೆ ಎಂದು ಕೈಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಎದ್ದು ಮುಖ ತೊಳೆದು ಬಂದು ಕೊನೆಯ ಹಾಳೆಗೆ ಹೋದೆ. ಕೊನೆಗೆ ಮೃದು ಬಟ್ಟೆಗೆ ಪಾಲಿಶ್ ಪೇಸ್ಟ್ ಹಚ್ಚಿ ತಿಕ್ಕಿದಾಗ ಕಟ್ಟಿಗೆಯಲ್ಲಿ ಎಳೆಗಳು ಒಂದೊಂದಾಗಿ ಮೇಲೆ ಬಂದವು, ನಸುಹಳದಿ, ಅದರೊಳಗೆ ಕಂದು ಗೆರೆ. ನಡುವೆ ಆ ಪಟ್ಟೆ. ಬೆರಳಾಡಿಸಿದರೆ ಏರಿಲ್ಲ, ಇಳಿವಿಲ್ಲ. ಲೋಹದ ತುದಿಗಳನ್ನು ಒತ್ತಿ ಕೂರಿಸಿ, ರೀಫಿಲ್ ಹಾಕಿ ಎರಡೂ ಪೆನ್ನು ಬರೆದು ನೋಡಿದೆ.

ಕೊರಿಯರ್ ಮಾಡಬಹುದಿತ್ತು. ಮಾಡಲಿಲ್ಲ. ದೊಡ್ಡ ಸಿಸ್ಟರ್ ಹೊರಡುವ ದಿನ ತಾಂಡೂರಿಗೆ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಆ ಹಳ್ಳಿಗೆ ಹೋದೆ. ಉಪಕೇಂದ್ರದ ಮುಂದೆ ಟ್ರಾಲಿ ಆಟೋ ನಿಂತಿತ್ತು. ಮಂಚ, ಎರಡು ಟ್ರಂಕು, ಸ್ಟೀಲ್ ಕೊಡ ಏರಿದ್ದವು. ಊರಿನ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ದೊಡ್ಡ ಸಿಸ್ಟರ್ ಎತ್ತರದ ಹೆಂಗಸು, ಹಣೆಗೆ ವಿಭೂತಿ, ಧ್ವನಿ ಜೋರು. ಒಂದು ಕೂಸಿನ ತಾಯಿಯನ್ನು ತೆಲುಗಿನಲ್ಲಿ ಬೈಯುತ್ತಿದ್ದರು, ಸೂಜಿ ತಪ್ಪಿಸಿದ್ದಕ್ಕೆ.

ಸಣ್ಣ ಸಿಸ್ಟರ್ ನನ್ನನ್ನು ಕಂಡು ಗಾಬರಿಯಾಗಿ, ಆಮೇಲೆ ಸಂತೋಷದಿಂದ, "ಅಣ್ಣಾರು ಬಂದಾರ, ಪೆನ್ ಮಾಡೋರು," ಎಂದರು.

ನಾನು ಎರಡೂ ಪೆನ್ನುಗಳನ್ನು ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟೆ. ಸಣ್ಣ ಸಿಸ್ಟರ್ ವಿಷಯ ಹೇಳಿದರು. ದೊಡ್ಡ ಸಿಸ್ಟರ್ ಪೆನ್ನು ಎತ್ತಿ, ಕೈಯಲ್ಲಿ ತೂಗಿ, "ತೊಗರಿ ಎಲ್ಲಿ ಇಷ್ಟು ವಜ್ಜ ಇರ್ತದ್ರಿ? ನಮ್ಮದೇ ಹೌದೇನು ಇದು?" ಎಂದು ನನ್ನನ್ನು ನೋಡಿದರು. ನಾನು ಉತ್ತರ ಕೊಡುವಷ್ಟರಲ್ಲಿ, ವರ್ಷಗಟ್ಟಲೆಯ ಅಭ್ಯಾಸದಂತೆ, ಪಕ್ಕದ ಬಟ್ಟಲಿನಿಂದ ಸ್ಪಿರಿಟ್ ಹತ್ತಿ ತೆಗೆದು ಪೆನ್ನನ್ನು ಮೇಲಿಂದ ಕೆಳಗೆ ಒರೆಸಿಬಿಟ್ಟರು. ಸಣ್ಣ ಸಿಸ್ಟರ್ ನನ್ನ ಮುಖ ನೋಡಿದರು. ನಾನು ಪೆನ್ನನ್ನೇ ನೋಡುತ್ತಿದ್ದೆ. ಸ್ಪಿರಿಟ್ ಆರಿತು. ಹೊಳಪು ಇದ್ದಲ್ಲೇ ಇತ್ತು.

ಆಮೇಲೆ ಅವರು ಇನ್ನೊಂದನ್ನು ಎತ್ತಿದರು. ಹೆಬ್ಬೆರಳಿನ ಉಗುರನ್ನು ಪಟ್ಟೆಯ ಮೇಲೆ ಎಳೆದರು.

"ಇದು ಆ ತಂತಿ ಏನ?"

"ಹೂನ್ರಿ," ಎಂದರು ಸಣ್ಣ ಸಿಸ್ಟರ್.

"ಸಡ್ಲ ಮಾಡು, ಗಿಡದ ಕುತಗಿ ಬಿಗೀತದ ಅಂತ ಎಷ್ಟ ಸಲ ಹೇಳೀನಿ ನಿನಗ? ಕೇಳಿದಿ?" ಧ್ವನಿ ಮೊದಲಿನಷ್ಟೇ ಜೋರಿತ್ತು. "ಹಿಡಿ. ಇದು ನಿಂದು. ಕಟ್ಟಿದಾಕಿ ನೀನು." ಪಟ್ಟೆಯ ಪೆನ್ನನ್ನು ಸಣ್ಣ ಸಿಸ್ಟರ್ ಕೈಗೆ ತುರುಕಿ, ಇನ್ನೊಂದನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಆ ಚೀಲದ ಜಿಪ್ಪನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಎಳೆಯುತ್ತ ನಿಂತರು. ಅದು ಆಗಲೇ ಮುಚ್ಚಿತ್ತು.

ಟ್ರಾಲಿ ಹೊರಟಿತು. ಹೆಂಗಸರು ಚದುರಿದರು. ಸಣ್ಣ ಸಿಸ್ಟರ್ ಗೇಟಿನ ಹತ್ತಿರ ನಿಂತು, "ಊಟ ಮಾಡಿ ಹೋಗ್ರಿ ಅಣ್ಣಾರ," ಎಂದರು. ಬಸ್ಸಿಗೆ ಹೊತ್ತಾಗುತ್ತದೆ ಎಂದೆ. ಹೊತ್ತಾಗುತ್ತಿರಲಿಲ್ಲ. ಆ ಮನೆಯಲ್ಲಿ ಆ ಹೊತ್ತು ಹೊರಗಿನವರು ಕೂರಬಾರದು ಅನ್ನಿಸಿತು. ತಿರುಗಿ ನೋಡದೆ ರಸ್ತೆಗೆ ಬಂದೆ. ತಾಂಡೂರಿನ ಬಸ್ ಸ್ಟ್ಯಾಂಡಿನಲ್ಲಿ ಬಂದ ಒಂದು ಬಸ್ಸನ್ನು ಸುಮ್ಮನೆ ಹೋಗಲು ಬಿಟ್ಟು, ಮುಂದಿನದಕ್ಕೆ ಹತ್ತಿದೆ.

ಆಮೇಲಿನ ದಿನಗಳಲ್ಲಿ ಬೇರೆ ಕೆಲಸ ಬಂತು. ಬೇವಿನ ಪೆನ್ನು, ಹುಣಸೆಯ ಪೆನ್ನು. ಇವು ತಾವಾಗಿಯೇ ಗಟ್ಟಿ, ಯಾವ ತಂಟೆಯೂ ಇಲ್ಲ. ಸಂಜೆ ಆಗುತ್ತಿತ್ತು. ಮಾಸ್ಕು ತೆಗೆದು ಮೊಳೆಗೆ ತಗುಲಿಸಿ, ಧೂಳು ಗುಡಿಸಿ, ಫೋನನ್ನು ಒಮ್ಮೆ ನೋಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವರು ಮಾಡುವ ಕಾರಣವಿರಲಿಲ್ಲ. ಪೆನ್ನು ಸರಿಯಾಗಿತ್ತು. ಅಷ್ಟು ದಿನ ಫೋನು ಮಾಡಿದ್ದು ಅವರೇ ಎಂದು, ನಾನು ಒಮ್ಮೆಯೂ ಮಾಡಿಲ್ಲ ಎಂದು, ಒಂದು ಸಂಜೆ ಹೊಳೆಯಿತು. ಏನು ಹೇಳಬೇಕು ಎಂದು ಯೋಚಿಸದೆ ಅವರ ಹೆಸರು ಒತ್ತಿದೆ.

"ಏನಾತ್ರಿ ಅಣ್ಣಾರ?" ಗಾಬರಿಯ ಧ್ವನಿ. "ಪೆನ್ನಿಂದೇನಾರ ಉಳದಿತ್ತೇನು?"

"ಇಲ್ರಿ. ಪೆನ್ನಿಂದೇನಿಲ್ಲ," ಎಂದೆ. "ಸುಮ್ಮ ಮಾಡೀನಿ."

ಆ ಕಡೆ ಪಾತ್ರೆಯಲ್ಲಿ ಏನೋ ಕುದಿಯುವ ಸದ್ದಿತ್ತು. ತಪ್ಪು ಮಾಡಿದೆನೇನೋ ಎಂದುಕೊಂಡು ಇಡಬೇಕೆನ್ನುವಷ್ಟರಲ್ಲಿ,

"ಹಂಗಾದ್ರ ಜರಾ ತಡೀರಿ," ಎಂದರು. "ಗ್ಯಾಸ್ ಬಂದ್ ಮಾಡಿ ಬರ್ತೀನಿ."